ಬೆಟ್ಟ ಹತ್ತಿದ ನಂಬಿಕೆ ಬಯಲಿಗೆ ಇಳಿದ ಬಗೆ

ಬೆಟ್ಟ ಹತ್ತುವುದು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಜನರಿಗೆ ಭಕ್ತಿಯ ಹಳೆಯ ರೂಢಿ. ಕಬ್ಬಾಳಮ್ಮನಿಗೆ ಹರಕೆ ಹೊತ್ತವರು, ರೇವಣಸಿದ್ಧೇಶ್ವರನ ಬೆಟ್ಟವನ್ನು ಏರುವವರು, ಸಾವನದುರ್ಗದ ಬುಡದಲ್ಲಿ ಹಣ್ಣುಕಾಯಿ ಮಾಡಿಸುವವರು ಇಲ್ಲಿ ವರ್ಷವಿಡೀ ಕಾಣಸಿಗುತ್ತಾರೆ. ಇದೇ ಸೀಮೆಯಲ್ಲಿ, ಕನಕಪುರದಿಂದ ಸಂಗಮದ ಕಡೆಗೆ ಹೋಗುವ ದಾರಿಯ ದೊಡ್ಡಆಲಹಳ್ಳಿಯ ಆಸುಪಾಸಿನಲ್ಲಿ, ಹಾರೋಬೆಲೆ ಎಂಬ ಊರಿದೆ. ರಾಗಿ ಬೆಳೆದು, ರೇಷ್ಮೆ ಸಾಕಿ ಬದುಕುವ ಈ ಊರಿನವರಲ್ಲಿ ಬಹುಪಾಲು ಜನ ಕ್ರೈಸ್ತರು. ಅವರು ಹತ್ತುವ ಬೆಟ್ಟದ ಹೆಸರು ಕಪಾಲಬೆಟ್ಟ. ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದಲ್ಲಿ, ಯೇಸು ಶಿಲುಬೆ ಹೊತ್ತು ನಡೆದುದನ್ನು ನೆನೆಯುತ್ತ ಭಕ್ತರು ಈ ಬೆಟ್ಟವನ್ನೇರುತ್ತಾರೆ. ಯೇಸುವನ್ನು ಶಿಲುಬೆಗೇರಿಸಿದ ಜಾಗದ ಹೆಸರು ಗೊಲ್ಗೊಥಾ. ಆ ಮಾತಿನ ಅರ್ಥವೂ ತಲೆಬುರುಡೆ, ಅಂದರೆ ಕಪಾಲ.

2019ರ ಡಿಸೆಂಬರ್ 25ರಂದು ಈ ಬೆಟ್ಟದಲ್ಲಿ 114 ಅಡಿ ಎತ್ತರದ ಯೇಸುವಿನ ಪ್ರತಿಮೆಗೆ ಶಂಕುಸ್ಥಾಪನೆ ನಡೆಯಿತು. ಅದನ್ನು ವಿರೋಧಿಸಿ 2020ರ ಜನವರಿಯಲ್ಲಿ ಕನಕಪುರದಲ್ಲಿ ಪ್ರತಿಭಟನೆಯೂ ಆಯಿತು. ಬೆಟ್ಟ ಮುನೇಶ್ವರನದು ಎಂಬುದು ವಿರೋಧಿಸಿದವರ ವಾದವಾಗಿತ್ತು. ಅಲ್ಲಿಯವರೆಗೆ ಜಿಲ್ಲೆಯ ಆಚೆ ಅಷ್ಟಾಗಿ ಕೇಳಿರದ ಹಾರೋಬೆಲೆಯ ಹೆಸರು ನಾಡಿನ ಪತ್ರಿಕೆಗಳಲ್ಲೆಲ್ಲ ಬಂದಿತು. ಆ ವಿವಾದದ ಸರಿತಪ್ಪುಗಳು ಇಲ್ಲಿಯ ವಿಷಯವಲ್ಲ. ಆದರೆ ಅದರ ಹಿಂದೆ ಇನ್ನೂ ಹಳೆಯದಾದ ಒಂದು ಪ್ರಶ್ನೆ ಇದೆ. ಹೊರಗಿನಿಂದ ಬಂದ ಒಂದು ನಂಬಿಕೆ ಈ ಮಣ್ಣಿನಲ್ಲಿ ಮೂರೂವರೆ ಶತಮಾನ ಬಾಳಿದೆ. ಅದು ತನ್ನವರಿಗಷ್ಟೇ ಆಸರೆಯಾಯಿತೆ, ಅಥವಾ ಸುತ್ತಲಿನ ಎಲ್ಲರಿಗೂ ಒದಗಿತೆ? ಒದಗಿದ್ದರೆ, ಅಲ್ಲಿಗೆ ತಲುಪಲು ಅದು ಯಾವ ದಾರಿಯಲ್ಲಿ ನಡೆಯಿತು?

ಯಾತ್ರೆಯ ಎರಡು ಭಾಗ

ಕ್ರೈಸ್ತಧರ್ಮದಲ್ಲಿ ನಂಬಿಕೆಯನ್ನು ಯಾತ್ರೆಗೆ ಹೋಲಿಸುವುದು ಮೊದಲಿನಿಂದಲೂ ಇದೆ. ಈ ಯಾತ್ರೆಗೆ ಎರಡು ಭಾಗಗಳುಂಟು. ಒಂದು, ಮನುಷ್ಯ ದೇವರ ಕಡೆಗೆ ನಡೆಯುವುದು. ಇನ್ನೊಂದು, ಹಾಗೆ ನಡೆದವನು ಮತ್ತೆ ಮನುಷ್ಯರ ಕಡೆಗೆ ಹಿಂದಿರುಗುವುದು. ಎರಡನೆಯದಿಲ್ಲದೆ ಮೊದಲನೆಯದು ಪೂರ್ತಿಯಾಗುವುದಿಲ್ಲ ಎಂಬುದು ಯೇಸುವಿನ ಬೋಧನೆಯ ತಿರುಳು.

ಇದನ್ನು ತಿಳಿಯಹೇಳುವ ಪ್ರಸಿದ್ಧ ಸಾಮತಿ ಲೂಕನ ಶುಭಸಂದೇಶದಲ್ಲಿದೆ. ನೆರೆಯವನನ್ನು ಪ್ರೀತಿಸಬೇಕು, ಸರಿ. ಆದರೆ ನನ್ನ ನೆರೆಯವನು ಯಾರು ಎಂದು ಧರ್ಮಶಾಸ್ತ್ರಿಯೊಬ್ಬ ಕೇಳುತ್ತಾನೆ. ಉತ್ತರವಾಗಿ ಯೇಸು ಒಂದು ಕತೆ ಹೇಳುತ್ತಾನೆ. ಕಳ್ಳರ ಕೈಗೆ ಸಿಕ್ಕಿ ಅರೆಜೀವವಾಗಿ ದಾರಿಯಲ್ಲಿ ಬಿದ್ದವನನ್ನು ಅವನದೇ ಧರ್ಮದ ಯಾಜಕ ನೋಡಿಯೂ ನೋಡದಂತೆ ಹೋಗುತ್ತಾನೆ. ದೇವಾಲಯದ ಇನ್ನೊಬ್ಬ ಸೇವಕನೂ ಹಾಗೆಯೇ ದಾಟುತ್ತಾನೆ. ಕಡೆಗೆ, ಯೆಹೂದ್ಯರು ಹೊರಗಿಟ್ಟಿದ್ದ ಸಮಾರ್ಯ ಜನಾಂಗದವನೊಬ್ಬ ನಿಂತು, ಗಾಯ ಕಟ್ಟಿ, ಛತ್ರಕ್ಕೆ ಸಾಗಿಸಿ, ಖರ್ಚನ್ನೂ ತಾನೇ ಕೊಟ್ಟು ಹೋಗುತ್ತಾನೆ. ಗಾಯಾಳು ಯಾವ ಮತದವನೆಂದು ಅವನು ವಿಚಾರಿಸುವುದಿಲ್ಲ. ವಾಸಿಯಾದ ಮೇಲೆ ತನ್ನ ಮತಕ್ಕೆ ಬಾ ಎನ್ನುವುದೂ ಇಲ್ಲ.

ಇದೇ ಮಾತನ್ನು ಆಚರಣೆಯಲ್ಲಿ ತೋರಿಸುವ ದಿನವೂ ಒಂದಿದೆ. ಶುಭ ಶುಕ್ರವಾರದ ಹಿಂದಿನ ಸಂಜೆ, ಪವಿತ್ರ ಗುರುವಾರದಂದು, ಹನ್ನೆರಡು ಮಂದಿಯನ್ನು ಕೂರಿಸಿ ಗುರುಗಳು ಅವರ ಪಾದ ತೊಳೆದು ಒರೆಸುತ್ತಾರೆ. ಯೇಸು ತನ್ನ ಶಿಷ್ಯರ ಕಾಲು ತೊಳೆದುದರ ನೆನಪು ಇದು. ಶಿಷ್ಯರು ಗುರುವಿನ ಪಾದ ತೊಳೆದು ಪೂಜಿಸುವುದು ನಮ್ಮಲ್ಲಿಯ ಪದ್ಧತಿ. ಇಲ್ಲಿ ಅದು ತಿರುಗುಮುರುಗು. 2013ರಲ್ಲಿ ಪೋಪ್ ಫ್ರಾನ್ಸಿಸ್ ಅವರು ರೋಮಿನ ಬಾಲಾಪರಾಧಿಗಳ ಬಂದೀಖಾನೆಗೆ ಹೋಗಿ ಅಲ್ಲಿಯವರ ಪಾದ ತೊಳೆದರು. ಅವರಲ್ಲಿ ಹೆಣ್ಣುಮಕ್ಕಳೂ ಮುಸಲ್ಮಾನರೂ ಇದ್ದರು. ತೊಳೆಯುವುದು ತನ್ನವರ ಪಾದವನ್ನು ಮಾತ್ರವೇ ಎಂಬ ಪ್ರಶ್ನೆಗೆ ಅದು ಅವರು ಕೊಟ್ಟ ಉತ್ತರ.

ತತ್ತ್ವವೇನೋ ಸರಳವಾಗಿದೆ. ಅದನ್ನು ನಡೆಸಿ ತೋರಿಸುವುದು ಅಷ್ಟು ಸರಳವಲ್ಲ ಎಂಬುದಕ್ಕೆ ಮೈಸೂರು ಸೀಮೆಯ ಇತಿಹಾಸವೇ ಸಾಕ್ಷಿ.

ಸಂನ್ಯಾಸಿ ವೇಷದ ಇಟಲಿಯವರು

ಹಳೆಯ ಮೈಸೂರಿನ ಒಳನಾಡಿಗೆ ಕ್ರೈಸ್ತಧರ್ಮ ಬಂದದ್ದು ಬ್ರಿಟಿಷರೊಂದಿಗೆ ಎಂಬುದು ಸಾಮಾನ್ಯ ತಿಳಿವಳಿಕೆ. ಅದು ಸರಿಯಲ್ಲ. ಲಿಯೊನಾರ್ಡೊ ಚಿನ್ನಮಿ ಎಂಬ ಇಟಲಿಯ ಯೇಸುಸಭೆಯ ಗುರು ಶ್ರೀರಂಗಪಟ್ಟಣಕ್ಕೆ ಬಂದದ್ದು 1640ರ ದಶಕದ ಕೊನೆಗೆ. ಆಗ ಅಲ್ಲಿ ಕಂಠೀರವ ನರಸರಾಜ ಒಡೆಯರು ಆಳುತ್ತಿದ್ದರು. ಈಸ್ಟ್ ಇಂಡಿಯಾ ಕಂಪನಿ ಶ್ರೀರಂಗಪಟ್ಟಣವನ್ನು ಗೆದ್ದದ್ದು ಅದಕ್ಕೆ ಒಂದೂವರೆ ಶತಮಾನದ ನಂತರ, 1799ರಲ್ಲಿ.

ತಮಿಳುನಾಡಿನ ಮಧುರೆಯಲ್ಲಿ ರಾಬರ್ಟ್ ಡಿ ನೊಬಿಲಿ 1606ರಿಂದ ಒಂದು ಹೊಸ ದಾರಿ ಹಿಡಿದಿದ್ದರು. ಯುರೋಪಿನ ವೇಷ, ಊಟ, ನಡವಳಿಕೆಗಳನ್ನು ಬಿಟ್ಟು ಸಂನ್ಯಾಸಿಯಂತೆ ಬದುಕುವುದು, ನಾಡಿನ ಭಾಷೆಯಲ್ಲೇ ಮಾತನಾಡುವುದು ಆ ದಾರಿ. ಚಿನ್ನಮಿಯವರೂ ಅದನ್ನೇ ಹಿಡಿದರು. ಕನ್ನಡ ಕಲಿತು, ಆ ಭಾಷೆಗೆ ವ್ಯಾಕರಣವನ್ನೂ ಧರ್ಮೋಪದೇಶದ ಪುಸ್ತಕಗಳನ್ನೂ ಬರೆದರು. ಶ್ರೀರಂಗಪಟ್ಟಣ, ಕನಕಾನಹಳ್ಳಿ (ಇಂದಿನ ಕನಕಪುರ), ಸತ್ಯಮಂಗಲ ಮೊದಲಾದ ಕಡೆಗಳಿಗೆ ಈ ‘ಮೈಸೂರು ಮಿಷನ್’ ಹರಡಿತು. ಹಾರೋಬೆಲೆಯವರು ತಮ್ಮ ಊರಿನ ನಂಬಿಕೆಯ ಬೇರನ್ನು ಹೇಳಿಕೊಳ್ಳುವುದು ಈ ಕಾಲಕ್ಕೇ.

ಈ ಸಂನ್ಯಾಸಿ ದಾರಿಯ ಗುರುತು ಕನ್ನಡ ಕ್ರೈಸ್ತರ ನುಡಿಯಲ್ಲಿ ಇಂದಿಗೂ ಇದೆ. ಅವರು ಪಾದ್ರಿಗಳನ್ನು ‘ಸ್ವಾಮಿಗಳು’, ‘ಗುರುಗಳು’ ಎನ್ನುತ್ತಾರೆ. ಚರ್ಚಿನಲ್ಲಿ ನಡೆಯುವುದು ‘ಬಲಿಪೂಜೆ’. ಮಗುವಿಗೆ ಮಾಡಿಸುವುದು ‘ಜ್ಞಾನಸ್ನಾನ’. ಕೈಯಲ್ಲಿ ಹಿಡಿಯುವುದು ‘ಜಪಮಾಲೆ’. ಹೊಸ ನಂಬಿಕೆಯು ನಾಡಿನ ಹಳೆಯ ಮಾತುಗಳನ್ನೇ ಎರವಲು ಪಡೆದು ಮನೆ ಕಟ್ಟಿಕೊಂಡಿತು.

ಆದರೆ ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ಈ ಗುರುಗಳು ಭಾಷೆ ಕಲಿತದ್ದು, ಮಾಂಸ ಬಿಟ್ಟದ್ದು, ಕಾವಿ ಉಟ್ಟದ್ದು, ಎಲ್ಲವೂ ಜನರನ್ನು ತಮ್ಮ ಮತಕ್ಕೆ ಕರೆತರುವ ಉದ್ದೇಶದಿಂದಲೇ. ನಾಡನ್ನು ಅವರು ಗೌರವಿಸಿದರು, ನಿಜ. ಆದರೆ ಆ ಗೌರವ ಒಂದು ಗುರಿಗೆ ಸಾಧನವಾಗಿತ್ತು. ನೆರೆಯವನ ಮನೆಯ ಮಾತು ಕಲಿತದ್ದು ಮೊದಲ ಹೆಜ್ಜೆ. ಅವನು ನೆರೆಯವನಾಗಿಯೇ ಉಳಿದರೂ ಅವನಿಗಾಗಿ ದುಡಿಯುವುದು ಇನ್ನೂ ದೂರದಲ್ಲಿತ್ತು.

ದೊಡ್ಡ ಸ್ವಾಮಿಯವರು ಮತ್ತು ಸಿಡುಬು

1773ರಲ್ಲಿ ಪೋಪರು ಯೇಸುಸಭೆಯನ್ನೇ ವಿಸರ್ಜಿಸಿದರು. ಅದರ ಕೆಲಸ ಪ್ಯಾರಿಸ್ಸಿನ ವಿದೇಶ ಮಿಷನ್ ಸಂಘಕ್ಕೆ ಹೋಯಿತು. ಇದಾಗಿ ಸುಮಾರು ಒಂದು ದಶಕದಲ್ಲಿ ರಾಜಕೀಯದ ಬಿರುಗಾಳಿಯೂ ಬೀಸಿತು. 1784ರಲ್ಲಿ ಟಿಪ್ಪು ಸುಲ್ತಾನ್ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. 1799ರಲ್ಲಿ ಟಿಪ್ಪು ಮಡಿದಾಗ ಮೈಸೂರು ಸೀಮೆಯ ಕ್ರೈಸ್ತ ಸಮುದಾಯ ಚದುರಿಹೋಗಿತ್ತು. ಅದನ್ನು ಮತ್ತೆ ಒಟ್ಟುಗೂಡಿಸಲೆಂದು ಬಂದವರು ಫ್ರಾನ್ಸಿನ ಆಬೆ ಜೆ. ಎ. ದುಬುವಾ.

ದುಬುವಾ ಫ್ರಾನ್ಸಿನಿಂದ ಭಾರತಕ್ಕೆ ಹೊರಟದ್ದು 1792ರಲ್ಲಿ. ಇಲ್ಲಿಯವರಂತೆ ಬಟ್ಟೆ ಉಟ್ಟು, ಇಲ್ಲಿಯ ಊಟ ಮಾಡಿ, ಮೂರು ದಶಕಗಳ ಕಾಲ ಜನರ ನಡುವೆ ಬಾಳಿದರು. ಜನ ಅವರನ್ನು ‘ದೊಡ್ಡ ಸ್ವಾಮಿಯವರು’ ಎಂದು ಕರೆಯುತ್ತಿದ್ದರು. ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ಅವರ ನೆಲೆಯಿತ್ತು. ಹಾಸನದ ಬಳಿ ನಿರ್ಗತಿಕರಿಗಾಗಿ ಬೇಸಾಯದ ನೆಲೆಯೊಂದನ್ನು ಅವರು ಏರ್ಪಡಿಸಿದರು. ಆದರೆ ಸ್ವಮತದವರ ಎಲ್ಲೆಯನ್ನು ದಾಟಿದ ಅವರ ಕೆಲಸವೆಂದರೆ ಸಿಡುಬಿನ ವಿರುದ್ಧ ನಡೆಸಿದ ದೇವಿ ಹಾಕುವ ಕಾರ್ಯ.

ಆ ಕಾಲದಲ್ಲಿ ಸಿಡುಬು ಹಳ್ಳಿಗಳನ್ನೇ ಬರಿದು ಮಾಡುತ್ತಿತ್ತು. ಬದುಕಿ ಉಳಿದವರಲ್ಲಿ ಎಷ್ಟೋ ಮಂದಿ ಕಣ್ಣು ಕಳೆದುಕೊಳ್ಳುತ್ತಿದ್ದರು. ‘ಅಮ್ಮ ಬಂದಿದ್ದಾಳೆ’ ಎಂದು ಬೇವಿನ ಸೊಪ್ಪು ಕಟ್ಟಿ, ಮಾರಮ್ಮನಿಗೆ ತಂಪು ಮಾಡಿ ಕಾಯುವುದಲ್ಲದೆ ಬೇರೆ ಉಪಾಯವಿರಲಿಲ್ಲ. ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ ಹಸುವಿನ ಸಿಡುಬಿನ ರಸದಿಂದ ಮನುಷ್ಯರನ್ನು ಕಾಪಾಡಬಹುದೆಂದು 1796ರಲ್ಲಿ ಕಂಡುಕೊಂಡರು. 1802ರ ಜೂನ್‌ನಲ್ಲಿ ಆ ರಸ ಬಾಗ್ದಾದ್, ಬಸ್ರಾಗಳ ಮೂಲಕ ಮುಂಬಯಿ ತಲುಪಿತು. ಆಗ ಅದನ್ನು ಕಾಪಿಡಲು ಮಂಜುಗಡ್ಡೆಯ ಪೆಟ್ಟಿಗೆಗಳಿರಲಿಲ್ಲ. ದೇವಿ ಹಾಕಿಸಿಕೊಂಡ ಮಗುವಿನ ತೋಳಿನಲ್ಲಿ ಎಂಟನೆಯ ದಿನದ ಸುಮಾರಿಗೆ ಏಳುವ ಗುಳ್ಳೆಯಿಂದ ರಸ ತೆಗೆದು ಇನ್ನೊಂದು ಮಗುವಿನ ತೋಳಿಗೆ ಹಾಕಬೇಕು, ಅಲ್ಲಿಂದ ಮತ್ತೊಂದಕ್ಕೆ. ಸರಪಳಿ ಎಲ್ಲಿ ಕಡಿಯಿತೋ ಅಲ್ಲಿಗೆ ಔಷಧವೂ ಮುಗಿಯಿತು.

ಜಾತಿಯಿಂದ ಜಾತಿಗೆ ಮುಟ್ಟುಗೋಲು ಹಾಕಿಕೊಂಡಿದ್ದ ಸಮಾಜದಲ್ಲಿ, ಒಂದು ಮಗುವಿನ ಮೈರಸವನ್ನು ಇನ್ನೊಂದರ ಮೈಗೆ ಹಾಕಲು ತಾಯಂದಿರನ್ನು ಒಪ್ಪಿಸುವುದೆಂದರೆ ಸಾಮಾನ್ಯದ ಮಾತಲ್ಲ. ಕಂಪನಿ ಸರ್ಕಾರದ ಆಜ್ಞೆಯಿಂದ ಅದು ಆಗುವಂಥದಾಗಿರಲಿಲ್ಲ. ಜನ ನಂಬಿದವರು ಮುಂದೆ ನಿಂತು ಹೇಳಬೇಕಾಗಿತ್ತು. 1803-04ರ ಸುಮಾರಿಗೆ ದುಬುವಾ ಮೈಸೂರು ಸೀಮೆಯಲ್ಲಿ ಸಾವಿರಾರು ಜನರಿಗೆ ದೇವಿ ಹಾಕಿಸಿದರು. ಅರಮನೆಯೂ ಆಗ ಇದೇ ಕೆಲಸಕ್ಕೆ ಬೆಂಬಲ ಕೊಟ್ಟಿತು. ಥಾಮಸ್ ಹಿಕಿ 1805ರ ಸುಮಾರಿಗೆ ಬರೆದ ಮೈಸೂರಿನ ಮೂವರು ರಾಣಿಯರ ಚಿತ್ರವೊಂದಿದೆ. ಅದು ಜನರನ್ನು ದೇವಿ ಹಾಕಿಸಿಕೊಳ್ಳಲು ಹುರಿದುಂಬಿಸುವುದಕ್ಕೆಂದೇ ಬರೆಸಿದ್ದು ಎಂದು ಇತ್ತೀಚಿನ ಇತಿಹಾಸಕಾರರು ವಾದಿಸಿದ್ದಾರೆ. ಹೀಗೆ ಅರಮನೆಯ ರಾಣಿಯರೂ ಫ್ರೆಂಚ್ ಪಾದ್ರಿಯೂ ಒಂದೇ ಕೆಲಸಕ್ಕೆ ಕೈಜೋಡಿಸಿದಂತಾಯಿತು. ಅಂದು ಆರಂಭವಾದ ಕೆಲಸ ಮುಗಿದದ್ದು 1975ರಲ್ಲಿ, ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣ ಕಂಡಾಗ.

ದುಬುವಾ ಅವರ ಬಾಳಿನಲ್ಲಿ ವಿಚಿತ್ರವಾದ ಒಂದು ತಿರುವಿದೆ. ಅವರು 1823ರಲ್ಲಿ ಭಾರತ ಬಿಟ್ಟರು. ಅದೇ ವರ್ಷ ಭಾರತದಲ್ಲಿ ಕ್ರೈಸ್ತಧರ್ಮದ ಸ್ಥಿತಿಯನ್ನು ಕುರಿತ ಅವರ ಪತ್ರಗಳು ಲಂಡನ್ನಿನಲ್ಲಿ ಪ್ರಕಟವಾದವು. ಹಿಂದೂಗಳನ್ನು ಮತಾಂತರಿಸುವ ಪ್ರಯತ್ನ ಫಲಿಸುವುದಿಲ್ಲ ಎಂದು ಅವರು ಅದರಲ್ಲಿ ನೇರವಾಗಿ ಬರೆದರು. ಇಂಗ್ಲೆಂಡಿನ ಮಿಷನರಿಗಳು ಕೆರಳಿ ಖಂಡನೆಯ ಪುಸ್ತಕಗಳನ್ನು ಹೊರತಂದರು. ಹಿಂದೂ ಆಚಾರ ವಿಚಾರಗಳನ್ನು ಕುರಿತ ದುಬುವಾ ಅವರ ದೊಡ್ಡ ಗ್ರಂಥವೂ ದೋಷರಹಿತವಲ್ಲ. ಅದರಲ್ಲಿ ಪೂರ್ವಗ್ರಹದ ಮಾತುಗಳು ಬಹಳ. ಅದರ ಬಹುಭಾಗ ತಮಗಿಂತ ಹಿಂದಿನ ಪಾದ್ರಿ ಕರ್ದು ಅವರ ಹಸ್ತಪ್ರತಿಯಿಂದ ತೆಗೆದುಕೊಂಡದ್ದೆಂದು ಫ್ರಾನ್ಸಿನ ವಿದುಷಿ ಸಿಲ್ವಿಯಾ ಮ್ಯುರ್ 1987ರಲ್ಲಿ ತೋರಿಸಿಕೊಟ್ಟರು. ಬಂದ ಕೆಲಸದಲ್ಲಿ ಸೋತೆ ಎಂದು ತಾವೇ ಒಪ್ಪಿಕೊಂಡವರು, ಪುಸ್ತಕದ ಕೀರ್ತಿಯಲ್ಲೂ ಪಾಲು ಕೊಡಬೇಕಾಗಿ ಬಂದವರು ದುಬುವಾ. ಅವರದಾಗಿ ಉಳಿದದ್ದು, ಮತ ಕೇಳದೆ ಮಕ್ಕಳ ತೋಳಿಗೆ ಹಾಕಿಸಿದ ದೇವಿ.

ಬರ ಒಡ್ಡಿದ ಪ್ರಶ್ನೆ

ಸೇವೆ ಮತ್ತು ಮತಪ್ರಚಾರ ಎಲ್ಲಿ ಬೇರೆಯಾಗುತ್ತವೆ ಎಂಬ ಪ್ರಶ್ನೆ ತೀವ್ರವಾಗಿ ಎದ್ದದ್ದು 1876ರಿಂದ 1878ರ ಬರಗಾಲದಲ್ಲಿ. ಧಾತು, ಈಶ್ವರ ಸಂವತ್ಸರಗಳ ಆ ಬರ ಹಳೆಯ ಮೈಸೂರಿನ ಹಳ್ಳಿಗಳಲ್ಲಿ ತಲೆಮಾರುಗಳವರೆಗೆ ಮರೆಯಾಗಲಿಲ್ಲ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50,55,412 ಇದ್ದದ್ದು 1881ರಲ್ಲಿ 41,86,188ಕ್ಕೆ ಇಳಿದಿತ್ತು. ಇಂದು ರಾಮನಗರ, ಚನ್ನಪಟ್ಟಣಗಳ ಮೇಲೆ ಹಾದುಹೋಗುವ ಬೆಂಗಳೂರು–ಮೈಸೂರು ರೈಲುದಾರಿಯ ಕೆಲಸ ಶುರುವಾದದ್ದೂ ಹಸಿದವರಿಗೆ ಕೂಲಿ ಕೊಡುವ ಬರ ಪರಿಹಾರದ ಕಾಮಗಾರಿಯಾಗಿ.

ತಂದೆ ತಾಯಿ ಸತ್ತು ಬೀದಿಗೆ ಬಿದ್ದ ಮಕ್ಕಳನ್ನು ಕ್ಯಾಥೊಲಿಕರೂ ಪ್ರಾಟೆಸ್ಟಂಟರೂ ಎತ್ತಿ ಸಾಕಿದರು. ಅನಾಥಾಲಯಗಳು ತೆರೆದವು. ಬೆಂಗಳೂರಿನ ಸುತ್ತ ಸಿಲುವೆಪುರದಂಥ ಹೊಸ ಊರುಗಳು ಹುಟ್ಟಿದವು. ಆ ಮಕ್ಕಳು ಬದುಕಿದರು. ಆದರೆ ಕ್ರೈಸ್ತರಾಗಿ ಬೆಳೆದರು. ಸಾಯುವ ಮಗುವನ್ನು ಉಳಿಸಿದ್ದು ಪುಣ್ಯವೆಂದು ಒಬ್ಬರು ಹೇಳಬಹುದು. ಅನಾಥರ ಅಸಹಾಯಕತೆಯಲ್ಲಿ ಮತ ಬೆಳೆಯಿತೆಂದು ಇನ್ನೊಬ್ಬರು ಹೇಳಬಹುದು. ಎರಡರಲ್ಲೂ ನಿಜದ ಅಂಶವಿದೆ. ಮುಂದೆ ಗಾಂಧೀಜಿಯವರು ಮಿಷನರಿಗಳಿಗೆ ಮತ್ತೆ ಮತ್ತೆ ಹೇಳಿದ್ದು ಈ ಗಂಟಿನ ಬಗ್ಗೆಯೇ: ಆಸ್ಪತ್ರೆ ನಡೆಸಿ, ಶಾಲೆ ನಡೆಸಿ, ಆದರೆ ಅದರ ಹಿಂದೆ ಮತಾಂತರದ ಆಸೆ ಇಟ್ಟುಕೊಳ್ಳಬೇಡಿ ಎಂಬುದು ಅವರ ನಿಲುವಾಗಿತ್ತು.

ಬರದ ನಂತರದ ದಶಕಗಳಲ್ಲಿ ಬಂದ ಆಸ್ಪತ್ರೆಗಳು ಈ ಗಂಟನ್ನು ಸ್ವಲ್ಪಮಟ್ಟಿಗೆ ಸಡಿಲಿಸಿದವು. 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಜರ್ಮನಿಯ ಫಾದರ್ ಮುಲ್ಲರ್ ಹೋಮಿಯೋಪತಿ ಔಷಧ ಹಂಚತೊಡಗಿದರು. 1890ರಲ್ಲಿ ಅಲ್ಲೇ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. ಬೆಂಗಳೂರಿನಲ್ಲಿ ಗುಡ್ ಶೆಫರ್ಡ್ ಸಭೆಯ ಕನ್ಯಾಸ್ತ್ರೀಯರು 1886ರಲ್ಲಿ ಸೇಂಟ್ ಮಾರ್ಥಾ ಆಸ್ಪತ್ರೆ ತೆರೆದರು. ಮೈಸೂರಿನಲ್ಲಿ ವೆಸ್ಲಿಯನ್ ಮಿಷನ್ನಿನವರು 1906ರಲ್ಲಿ ಆರಂಭಿಸಿದ ಹೋಲ್ಡ್ಸ್‌ವರ್ತ್ ಆಸ್ಪತ್ರೆಯನ್ನು ಜನ ‘ಮಿಷನ್ ಆಸ್ಪತ್ರೆ’ ಎಂದೇ ಕರೆದರು. ಹಳ್ಳಿಗಳಿಂದ ಗಾಡಿ ಕಟ್ಟಿಕೊಂಡು ಹೆರಿಗೆಗೆ, ಜ್ವರಕ್ಕೆ ಬಂದವರು ವಾಸಿಯಾಗಿ ತಮ್ಮ ಊರಿಗೆ, ತಮ್ಮ ದೇವರಿಗೆ ಹಿಂತಿರುಗಿದರು. ಅನಾಥಾಲಯದ ಮಗು ಸಾಕಿದವರಲ್ಲೇ ಉಳಿಯುತ್ತದೆ. ಆಸ್ಪತ್ರೆಯ ರೋಗಿ ಮನೆಗೆ ಹೋಗುತ್ತಾನೆ. ಈ ವ್ಯತ್ಯಾಸ ಚಿಕ್ಕದೆಂದು ತೋರಬಹುದು. ಆದರೆ ಸೇವೆಯ ಒರೆಗಲ್ಲು ಇಲ್ಲೇ ಇದೆ. ಪಡೆದವನು ತಾನು ತಾನಾಗಿಯೇ ಉಳಿಯಲು ಬಿಡುವುದಾದರೆ ಮಾತ್ರ ಅದು ಪೂರ್ತಿಯಾಗಿ ಸೇವೆ.

2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಕ್ರೈಸ್ತರ ಪ್ರಮಾಣ ಶೇಕಡಾ 1.87. ಮೂರೂವರೆ ಶತಮಾನದ ಮೇಲೂ ನೂರಕ್ಕೆ ಎರಡನ್ನು ಮುಟ್ಟಿಲ್ಲ. ಇವರ ಆಸ್ಪತ್ರೆಗಳಲ್ಲಿ ಹುಟ್ಟಿದವರು, ಇವರ ಶಾಲೆಗಳಲ್ಲಿ ಓದಿದವರು ಬಹುಪಾಲು ಈ ಎರಡರ ಹೊರಗಿನವರೇ.

ಲ್ಯಾಟಿನ್ ಬಿಟ್ಟು ಕನ್ನಡಕ್ಕೆ

ಇಪ್ಪತ್ತನೆಯ ಶತಮಾನದಲ್ಲಿ ದಾರಿ ಇನ್ನೊಂದು ಕಡೆಗೆ ತಿರುಗಿತು. 1962ರಿಂದ 1965ರವರೆಗೆ ರೋಮಿನಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ನಡೆಯಿತು. ಅಲ್ಲಿಯವರೆಗೆ ಹಾರೋಬೆಲೆಯ ರೈತ ಕೇಳುತ್ತಿದ್ದ ಬಲಿಪೂಜೆ ಲ್ಯಾಟಿನ್ನಿನಲ್ಲಿತ್ತು. ಗುರುಗಳು ಜನರಿಗೆ ಬೆನ್ನು ಮಾಡಿ ಪೀಠದ ಕಡೆ ಮುಖಮಾಡಿ ಅದನ್ನು ಅರ್ಪಿಸುತ್ತಿದ್ದರು. ಮಹಾಸಭೆಯ ನಂತರ ಪೂಜೆ ಜನರ ಭಾಷೆಗೆ ಬಂತು. ಗುರುಗಳು ಜನರ ಕಡೆ ತಿರುಗಿ ನಿಂತರು. ಅದೇ ಸಭೆ 1965ರಲ್ಲಿ ಹೊರಡಿಸಿದ ಎರಡು ಘೋಷಣೆಗಳು ಇನ್ನೂ ಮುಖ್ಯ. ಇತರ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದದ್ದನ್ನು ಕ್ರೈಸ್ತಸಭೆ ತಳ್ಳಿಹಾಕುವುದಿಲ್ಲ ಎಂದು ಒಂದು ಸಾರಿತು. ಲೋಕದ ಜನರ, ಅದರಲ್ಲೂ ಬಡವರ, ಸುಖದುಃಖಗಳು ಕ್ರೈಸ್ತರವೂ ಹೌದು ಎಂದು ಇನ್ನೊಂದು ಹೇಳಿತು.

ಕನ್ನಡ ನಾಡಿನಲ್ಲಿ ಈ ಮನೋಭಾವ ಮಹಾಸಭೆಗಿಂತ ಮೊದಲೇ ಕಾಣಿಸಿಕೊಂಡಿತ್ತು. ಧಾರವಾಡದಲ್ಲಿ ಹುಟ್ಟಿ ಬಾಸೆಲ್ ಮಿಷನ್ನಿನ ಪಾದ್ರಿಯಾಗಿದ್ದ ಉತ್ತಂಗಿ ಚನ್ನಪ್ಪನವರು ಊರೂರು ಅಲೆದು ಸರ್ವಜ್ಞನ ವಚನಗಳನ್ನು ಕೂಡಿಸಿ 1924ರಲ್ಲಿ ಪ್ರಕಟಿಸಿದರು. 1949ರಲ್ಲಿ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಬೈಬಲ್ ಹಿಡಿದು ಹೊರಟ ಪಾದ್ರಿ ಸರ್ವಜ್ಞನನ್ನು ಜನರಿಗೆ ಹಿಂತಿರುಗಿಸಿದರು. ಚಿನ್ನಮಿಯವರ ಕಾಲದಲ್ಲಿ ಮತಕ್ಕೆ ಸಾಧನವಾಗಿದ್ದ ಕನ್ನಡ, ಉತ್ತಂಗಿಯವರ ಕಾಲಕ್ಕೆ ತಾನೇ ಸೇವೆಗೆ ಯೋಗ್ಯವಾಯಿತು.

ಈ ನೆಲದಲ್ಲಿ ಸೇವೆ ಎಂಬುದು ಕ್ರೈಸ್ತರು ಬಂದು ಕಲಿಸಿದ ಪಾಠವೇನಲ್ಲ ಎಂಬುದನ್ನೂ ನೆನೆಯಬೇಕು. ದಾಸೋಹದ ಪರಂಪರೆ ಇಲ್ಲಿ ಹನ್ನೆರಡನೆಯ ಶತಮಾನದ ಶರಣರಷ್ಟು ಹಳೆಯದು. ಅನ್ನ, ಅಕ್ಷರ, ಆಶ್ರಯಗಳಿಗೆ ಹೆಸರಾದ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು 1907ರಲ್ಲಿ ಹುಟ್ಟಿದ್ದು ಇದೇ ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ. ಅಲ್ಲಿಯ ದಾಸೋಹದ ಪಂಕ್ತಿಯಲ್ಲಿ ಕುಳಿತ ಮಕ್ಕಳ ಜಾತಿಮತವನ್ನು ಯಾರೂ ಕೇಳಲಿಲ್ಲ. ಕ್ರೈಸ್ತರ ಸೇವೆಯನ್ನು ಅಳೆಯಲು ಈ ಸೀಮೆಯ ಜನರಿಗೆ ತಮ್ಮದೇ ಅಳತೆಗೋಲು ಮೊದಲೇ ಇತ್ತು.

ಮಾಗಡಿ ರಸ್ತೆಯ ಸುಮನಹಳ್ಳಿ

ಮಾಗಡಿಯಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಹೋಗುವವರಿಗೆ ಸುಮನಹಳ್ಳಿ ಎಂದರೆ ಒಂದು ನಿಲ್ದಾಣ, ಒಂದು ಮೇಲ್ಸೇತುವೆ, ಸಂಜೆಯ ವಾಹನ ದಟ್ಟಣೆ. ಆ ಹೆಸರು ಬಂದದ್ದು ಅಲ್ಲಿಯ ಕುಷ್ಠರೋಗಿಗಳ ಪುನರ್ವಸತಿ ಕೇಂದ್ರದಿಂದ ಎಂಬುದು ಬಹಳ ಮಂದಿಗೆ ತಿಳಿಯದು. ಒಳ್ಳೆಯ ಮನಸ್ಸಿನ ಹಳ್ಳಿ ಎಂಬ ಅರ್ಥದ ಹೆಸರು ಅದು.

ಬೆಂಗಳೂರಿನ ಬೀದಿಗಳಲ್ಲಿ ಭಿಕ್ಷೆ ಬೇಡುತ್ತಿದ್ದ ಕುಷ್ಠರೋಗಿಗಳ ಪಾಲನೆಗೆ 1970ರ ದಶಕದ ಕೊನೆಯಲ್ಲಿ ಕರ್ನಾಟಕ ಸರ್ಕಾರ ಬೆಂಗಳೂರಿನ ಕ್ಯಾಥೊಲಿಕ್ ಧರ್ಮಪ್ರಾಂತ್ಯದ ನೆರವು ಕೋರಿತು. ಸರ್ಕಾರ ಜಾಗ ಕೊಟ್ಟಿತು. ಬೇರೆ ಬೇರೆ ಧಾರ್ಮಿಕ ಸಭೆಗಳ ಗುರುಗಳೂ ಕನ್ಯಾಸ್ತ್ರೀಯರೂ ಕೈಗೂಡಿಸಿದರು. ಕೇಂದ್ರ 1978ರಲ್ಲಿ ಆರಂಭವಾಯಿತು.

ಕುಷ್ಠರೋಗ ಜನ ಭಾವಿಸಿದಷ್ಟು ಅಂಟುರೋಗವಲ್ಲ. ಅದರ ರೋಗಾಣುವನ್ನು ನಾರ್ವೆಯ ಹ್ಯಾನ್ಸನ್ 1873ರಲ್ಲಿ ಕಂಡುಹಿಡಿದರು. ಹೆಚ್ಚಿನ ಜನರ ದೇಹಕ್ಕೆ ಅದನ್ನು ತಡೆಯುವ ಶಕ್ತಿ ಸಹಜವಾಗಿಯೇ ಇರುತ್ತದೆ. ರೋಗ ಮೊದಲು ಕೊಲ್ಲುವುದು ನರಗಳನ್ನು. ಕೈಕಾಲುಗಳ ಸ್ಪರ್ಶಜ್ಞಾನ ಹೋಗುತ್ತದೆ. ಮುಳ್ಳು ಚುಚ್ಚಿದರೂ, ಕೆಂಡ ಸುಟ್ಟರೂ ನೋವು ಗೊತ್ತಾಗುವುದಿಲ್ಲ. ಗಾಯ ಹುಣ್ಣಾಗಿ, ಹುಣ್ಣು ಕೊಳೆತು ಬೆರಳುಗಳು ಸವೆದುಹೋಗುತ್ತವೆ. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಲವು ಔಷಧಗಳನ್ನು ಒಟ್ಟಿಗೆ ಕೊಡುವ ಚಿಕಿತ್ಸೆಯನ್ನು ಶಿಫಾರಸು ಮಾಡಿದ ಮೇಲೆ ಈ ರೋಗ ಪೂರ್ತಿ ಗುಣವಾಗತೊಡಗಿತು. ಈಗ ಆರು ತಿಂಗಳಿಂದ ಒಂದು ವರ್ಷದ ಔಷಧ ಸಾಕು. 2005ರ ಕೊನೆಗೆ ದೇಶದಲ್ಲಿ ರೋಗಿಗಳ ಪ್ರಮಾಣ ಹತ್ತು ಸಾವಿರಕ್ಕೆ ಒಂದಕ್ಕಿಂತ ಕೆಳಗಿಳಿಯಿತು.

ಆದರೆ ರೋಗ ಹೋದರೂ ಅದರ ಕಳಂಕ ಹೋಗುವುದಿಲ್ಲ. ಗುಣವಾದವನನ್ನು ಊರು ಸೇರಿಸದು, ಕೆಲಸ ಕೊಡದು. ಗಂಡ ಅಥವಾ ಹೆಂಡತಿಗೆ ಕುಷ್ಠವಿದೆ ಎಂಬ ಕಾರಣ ಕೊಟ್ಟು ವಿಚ್ಛೇದನ ಪಡೆಯುವ ಅವಕಾಶವನ್ನು ನಮ್ಮ ಕಾನೂನು ತೆಗೆದುಹಾಕಿದ್ದೇ 2019ರಲ್ಲಿ. ಆದ್ದರಿಂದ ಸುಮನಹಳ್ಳಿಯಂಥ ಕಡೆ ಔಷಧದಷ್ಟೇ ದೊಡ್ಡ ಕೆಲಸವೆಂದರೆ ಕಸುಬು ಕಲಿಸುವುದು, ಮನೆ ಮಾಡಿಕೊಡುವುದು, ಮಕ್ಕಳನ್ನು ಶಾಲೆಗೆ ಸೇರಿಸುವುದು; ಭಿಕ್ಷೆಯ ತಟ್ಟೆ ಹಿಡಿದ ಕೈಗೆ ದುಡಿಮೆಯ ಉಪಕರಣ ಕೊಡುವುದು.

ಸ್ಪರ್ಶಜ್ಞಾನವಿಲ್ಲದ ಪಾದಕ್ಕೆ ಬೇಕಾದದ್ದು ಮೆತ್ತನೆಯ ರಬ್ಬರಿನ ಒಳ ಅಟ್ಟೆಯ ವಿಶೇಷ ಪಾದರಕ್ಷೆ. ಅದನ್ನು ಮಾಡುವವರು ರೋಗಿಯ ಮುಂದೆ ಕುಳಿತು, ಅವನ ಪಾದವನ್ನು ಕೈಯಲ್ಲಿ ಹಿಡಿದು, ಹುಣ್ಣು ಎಲ್ಲಿದೆ, ಭಾರ ಎಲ್ಲಿ ಬೀಳುತ್ತದೆ ಎಂದು ನೋಡಿ ಅಳತೆ ತೆಗೆಯಬೇಕು. ಪವಿತ್ರ ಗುರುವಾರ ವರ್ಷಕ್ಕೊಮ್ಮೆ ಪೀಠದ ಮುಂದೆ ನಡೆಯುವ ಆಚರಣೆ ಇಲ್ಲಿ ವಾರದ ಎಲ್ಲ ದಿನವೂ ನಡೆಯುವ ಕೆಲಸ. ಪಾದ ಯಾವ ಮತದ್ದು ಎಂಬ ಪ್ರಶ್ನೆಗೆ ಅಲ್ಲಿ ಅರ್ಥವೇ ಇಲ್ಲ. ಇಲ್ಲಿ ಕರೆದದ್ದು ಸರ್ಕಾರ, ಅಂದರೆ ನಾಡು. ಹೋದದ್ದು ಕ್ರೈಸ್ತಸಭೆ. ತಾನಾಗಿ ಬಂದು ಬಾಗಿಲು ತಟ್ಟಿದ ಚಿನ್ನಮಿಯವರ ಕಾಲದಿಂದ, ನಾಡೇ ಕರೆದು ಕೆಲಸ ವಹಿಸಿದ ಈ ಕಾಲದವರೆಗೆ ದಾರಿ ಬಹಳ ಉದ್ದವಾಗಿದೆ.

ಹಾರೋಬೆಲೆಯ ಲೆಕ್ಕ

ಹಾರೋಬೆಲೆಯಿಂದ ಹಲವು ಮಂದಿ ಗುರುಗಳೂ ಕನ್ಯಾಸ್ತ್ರೀಯರೂ ಹೊರಟಿದ್ದಾರೆ. ಒಂದು ಕಾಲಕ್ಕೆ ಇಟಲಿಯಿಂದ, ಫ್ರಾನ್ಸಿನಿಂದ ಗುರುಗಳನ್ನು ಪಡೆದ ಹಳ್ಳಿ ಈಗ ತಾನೇ ಸೇವಕರನ್ನು ಕಳಿಸುವ ಊರಾಗಿದೆ. ಕನ್ಯಾಸ್ತ್ರೀಯಾಗುವ ಹೆಣ್ಣುಮಗಳು ದಾದಿಯಾಗಿಯೋ ಶಿಕ್ಷಕಿಯಾಗಿಯೋ ಕಾಣದ ಊರಿನಲ್ಲಿ ಬಾಳುತ್ತಾಳೆ. ಅವಳ ಆರೈಕೆ ಪಡೆಯುವ ರೋಗಿಗೆ ಹಾರೋಬೆಲೆ ಎಲ್ಲಿದೆ ಎಂಬುದೂ ಗೊತ್ತಿರುವುದಿಲ್ಲ.

ಊರಿನಲ್ಲಿ ಉಳಿದವರಿಗೂ ಯಾತ್ರೆ ಉಂಟು. ಶುಭ ಶುಕ್ರವಾರದ ಸಂದರ್ಭದಲ್ಲಿ ಯೇಸುವಿನ ಪಾಡುಗಳನ್ನು ಆಡಿ ತೋರಿಸುವ ‘ಮಹಿಮೆ’ ಇಲ್ಲಿಯ ಹಳೆಯ ಸಂಪ್ರದಾಯ. ಪಾತ್ರ ಮಾಡುವವರು ಹೊಲದಲ್ಲಿ ದುಡಿಯುವವರೇ; ಮಾತು ಕನ್ನಡ. ನಾಟಕವನ್ನೂ ಜಾತ್ರೆಯನ್ನೂ ಬಲ್ಲ ಈ ಸೀಮೆಯ ಯಾವ ಪ್ರೇಕ್ಷಕನಿಗೂ ಅದು ಪರಕೀಯವೆನಿಸದು. ನಾಟಕದ ಕಡೆಯಲ್ಲಿ ಬೆಟ್ಟವಿದೆ, ಶಿಲುಬೆ ಇದೆ. ಆದರೆ ಶುಭಸಂದೇಶದ ಕತೆ ಬೆಟ್ಟದ ಮೇಲೆ ಮುಗಿಯುವುದಿಲ್ಲ. ಆಮೇಲೆ ಶಿಷ್ಯರಿಗೆ ಸಿಗುವ ಅಪ್ಪಣೆ ಊರುಗಳಿಗೆ ಹೋಗಿ ಎಂಬುದು.

ಬೆಟ್ಟ ಯಾರದು ಎಂಬುದನ್ನು ಕಂದಾಯ ದಾಖಲೆಗಳೂ ನ್ಯಾಯಾಲಯಗಳೂ ತೀರ್ಮಾನಿಸಬಲ್ಲವು. ನೆರೆಯವನು ಯಾರು ಎಂಬುದನ್ನು ಅವು ತೀರ್ಮಾನಿಸಲಾರವು. ಚಿನ್ನಮಿ ಆ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿದರು. ದುಬುವಾ ತಮಗೇ ತಿಳಿಯದಂತೆ ಅದಕ್ಕೆ ಅರ್ಧ ಉತ್ತರ ಕೊಟ್ಟರು. ಬರಗಾಲ ಅದನ್ನು ಜಟಿಲಗೊಳಿಸಿತು. ಮಾಗಡಿ ರಸ್ತೆಯಲ್ಲಿ ಪಾದದ ಅಳತೆ ತೆಗೆಯುತ್ತ ಕುಳಿತವರು ಅದನ್ನು ಮಾತಿಲ್ಲದೆ ಬಿಡಿಸುತ್ತಿದ್ದಾರೆ. ಹಾರೋಬೆಲೆಯ ಕ್ರೈಸ್ತನಿಗಾಗಲಿ, ಪಕ್ಕದೂರಿನ ಮುನೇಶ್ವರನ ಒಕ್ಕಲಿಗಾಗಲಿ, ಕಷ್ಟ ಬಂದ ರಾತ್ರಿ ಬೇಕಾಗುವುದು ನಿಂತು ನೋಡುವ ಒಬ್ಬ ದಾರಿಹೋಕ. ಅವನು ಯಾವ ಬೆಟ್ಟ ಹತ್ತಿ ಇಳಿದು ಬಂದವನು ಎಂಬುದು ಆಗ ಯಾರಿಗೂ ಮುಖ್ಯವಾಗುವುದಿಲ್ಲ.